ಅಜ್ಜನ ಯುದ್ಧಕೈದಿ ದಾಖಲೆಯನ್ನು ಜಿನೀವಾದಿಂದ ತರಿಸಿಕೊಂಡ ಬಗೆ

ಕಳೆದ ವಾರ ಜಿನೀವಾದಿಂದ ಇಮೇಲ್ ಬಂತು. ಕಳಿಸಿದ್ದು ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ದಾಖಲೆ ವಿಭಾಗದವರು. ಎರಡನೇ ಮಹಾಯುದ್ಧದಲ್ಲಿ ನಮ್ಮ ಅಜ್ಜ ಯಾರ ಕೈಯಲ್ಲಿ, ಯಾವ ಯಾವ ಕ್ಯಾಂಪಿನಲ್ಲಿ ಸೆರೆಯಿದ್ದ ಅನ್ನುವ ಪ್ರಮಾಣಪತ್ರ ಅದರ ಜೊತೆಗಿತ್ತು. ಇಷ್ಟಕ್ಕಾಗಿ ಒಂದು ವರ್ಷಕ್ಕಿಂತ ಜಾಸ್ತಿ ಕಾದಿದ್ದೇವೆ. ಆ ಕಾಲದಲ್ಲಿ ಸೈನ್ಯ ಸೇರಿದ ಅಜ್ಜಂದಿರು ಬೆಳಗಾವಿ, ಧಾರವಾಡ, ಕೊಡಗು, ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಇದ್ದರು. ಅವರ ಮೊಮ್ಮಕ್ಕಳು ನಮ್ಮ ಹಾಗೆ ಅಲೆಯುವುದು ಬೇಡ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮದು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ. ಅಜ್ಜ ಮರಾಠಾ ಲೈಟ್ ಇನ್‌ಫಂಟ್ರಿಯ ಎರಡನೇ ಬೆಟಾಲಿಯನ್ನಿನಲ್ಲಿ ಸಿಪಾಯಿ. ಆಗ ಅದಕ್ಕೆ ಐದನೇ ಮಹ್ರಾಟಾ ಲೈಟ್ ಇನ್‌ಫಂಟ್ರಿ ಅಂತ ಹೆಸರಿತ್ತು. ಅದರ ಕೇಂದ್ರ ಆಗಲೂ ಬೆಳಗಾವಿಯೇ, ಈಗಲೂ ಬೆಳಗಾವಿಯೇ. ಈ ಬೆಟಾಲಿಯನ್ 11ನೇ ಭಾರತೀಯ ಬ್ರಿಗೇಡಿನ ಜೊತೆ ಲಿಬಿಯಾದ ಟೋಬ್ರೂಕ್‌ನಲ್ಲಿತ್ತು. 1942ರ ಜೂನ್ 21ರಂದು ಟೋಬ್ರೂಕ್ ಜರ್ಮನ್ ಸೇನಾಪತಿ ರೊಮ್ಮೆಲ್ ನಡೆಸಿದ ಜರ್ಮನಿ-ಇಟಲಿ ಪಡೆಗಳ ಕೈಗೆ ಬಿತ್ತು. ಒಟ್ಟು 30 ಸಾವಿರಕ್ಕೂ ಹೆಚ್ಚು ಸೈನಿಕರು ಸೆರೆಸಿಕ್ಕರು. ಅವರಲ್ಲಿ ಅಜ್ಜನೂ ಒಬ್ಬ.

ಮನೆಯಲ್ಲಿ ನಮಗೆ ಗೊತ್ತಿದ್ದದ್ದು ಎರಡೇ ಹೆಸರು: ಟೋಬ್ರೂಕ್, ಇಟಲಿ. ಯುದ್ಧದ ಮಾತು ಬಂದರೆ ಅಜ್ಜ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದನಂತೆ. ಅಪ್ಪ ಹುಟ್ಟಿದ್ದು ಯುದ್ಧ ಮುಗಿದ ಮೇಲೆ. ಅಪ್ಪನ ಅಕ್ಕ, ನಮ್ಮ ಅತ್ತಿ, ಹುಟ್ಟಿದ್ದು 1941ರಲ್ಲಿ. ಅವಳು ತನ್ನ ಅಪ್ಪನನ್ನು, ಅಂದರೆ ಅಜ್ಜನನ್ನು, ಮೊದಲ ಸಲ ಕಣ್ಣಾರೆ ಕಂಡಾಗ ನಾಲ್ಕು ವರ್ಷದವಳು. ಈ ಕೆಲಸಕ್ಕೆ ನನ್ನನ್ನು ಹಚ್ಚಿದವಳೇ ಅತ್ತಿ. "ಹೋದಾವ್ರು ಹೋದ್ರು, ಈಗ ಕಾಗದ ತೊಗೊಂಡು ಏನ್ ಮಾಡ್ತಿ ಯವ್ವಾ?" ಅಂತ ಅಪ್ಪ ಅಂದ. ಅತ್ತಿ ಬಿಡಲಿಲ್ಲ. "ಅಷ್ಟ ವರ್ಷ ನಮ್ಮಪ್ಪ ಎಲ್ಲಿದ್ದ ಅನ್ನೂದು ನನಗ ಗೊತ್ತಾಗಬೇಕು" ಅಂದಳು.

ಇಟಲಿಯಲ್ಲಿ ಸೆರೆಯಿದ್ದವನ ದಾಖಲೆ ಸ್ವಿಟ್ಜರ್ಲೆಂಡಿನಲ್ಲಿ ಯಾಕಿದೆ ಅಂತ ನನಗೂ ಮೊದಲು ತಿಳಿದಿರಲಿಲ್ಲ. 1929ರ ಜಿನೀವಾ ಒಪ್ಪಂದದ 79ನೇ ವಿಧಿಯಲ್ಲಿ ಇದರ ಉತ್ತರವಿದೆ. ಯುದ್ಧಕೈದಿಗಳ ಮಾಹಿತಿಗಾಗಿ ಒಂದು ಕೇಂದ್ರ ಕಚೇರಿ ಇರಬೇಕು, ಅದು ತಟಸ್ಥ ದೇಶದಲ್ಲೇ ಇರಬೇಕು ಅಂತ ಅದು ಹೇಳುತ್ತದೆ. ಯುದ್ಧ ಶುರುವಾಗಿ ಎರಡೇ ವಾರದಲ್ಲಿ, 1939ರ ಸೆಪ್ಟೆಂಬರ್ 14ಕ್ಕೆ, ಜಿನೀವಾದಲ್ಲಿ ಆ ಕಚೇರಿ ತೆರೆಯಿತು. ಸೈನಿಕರನ್ನು ಹಿಡಿದ ದೇಶ ಅವರ ಪಟ್ಟಿಯನ್ನು ಅಲ್ಲಿಗೆ ಕಳಿಸಬೇಕು. ಅಲ್ಲಿಂದ ಅದು ಸೈನಿಕರ ದೇಶಕ್ಕೆ ಹೋಗುತ್ತದೆ. ಕ್ಯಾಂಪು ಮುಟ್ಟಿದ ಒಂದು ವಾರದೊಳಗೆ ಪ್ರತಿ ಕೈದಿಗೂ ಮನೆಗೊಂದು ಕಾರ್ಡು ಬರೆಯಲು ಬಿಡಬೇಕು ಅಂತ 36ನೇ ವಿಧಿ. ನಾನು ಸೆರೆಸಿಕ್ಕಿದ್ದೇನೆ, ನನ್ನ ಆರೋಗ್ಯ ಹೀಗಿದೆ, ಅಷ್ಟೇ ಅದರಲ್ಲಿರುವುದು. ಯುದ್ಧ ಮುಗಿಯುವ ಹೊತ್ತಿಗೆ ಜಿನೀವಾದಲ್ಲಿ ಸುಮಾರು 3.6 ಕೋಟಿ ಕಾರ್ಡುಗಳಿದ್ದವು. ಕೊಲ್ಲುತ್ತಿದ್ದ ಎರಡೂ ಕಡೆಯವರು ಒಂದೇ ಊರಿಗೆ ಪಟ್ಟಿ ಕಳಿಸುತ್ತಿದ್ದರು, ಅಲ್ಲಿ ಕೂತ ಜನ ಒಂದೊಂದು ಹೆಸರನ್ನೂ ಬರೆದಿಡುತ್ತಿದ್ದರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹುಡುಕಾಟ ಶುರುವಾಗುವುದು ಮಾತ್ರ ಮನೆಯ ಟ್ರಂಕಿನಿಂದಲೇ. ಸೈನ್ಯ ಬಿಟ್ಟಾಗ ಅಜ್ಜನಿಗೆ ಕೊಟ್ಟಿದ್ದ ಡಿಸ್ಚಾರ್ಜ್ ಬುಕ್ ಸಿಕ್ಕಿತು. ಆದರೆ ಅದಕ್ಕೆ ಗೆದ್ದಲು ಹಿಡಿದಿತ್ತು. ಹೆಸರು, ರೆಜಿಮೆಂಟು ಓದಲು ಬರುತ್ತಿತ್ತು, ಅಜ್ಜನ ಸೈನ್ಯದ ನಂಬರ್ ಇದ್ದ ಜಾಗದಲ್ಲಿ ತೂತು. ಈ ನಂಬರೇ ಎಲ್ಲಕ್ಕಿಂತ ಮುಖ್ಯ. ಒಂದೇ ಹೆಸರಿನ ಸಿಪಾಯಿಗಳು ಒಂದೊಂದು ರೆಜಿಮೆಂಟಿನಲ್ಲೂ ಎಷ್ಟೋ ಜನ ಇದ್ದರು. ಇಟಲಿಯ ಕ್ಯಾಂಪಿನ ಗುಮಾಸ್ತ ನಮ್ಮ ಹೆಸರನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿರುತ್ತಾನೆ. ನಂಬರ್ ಇದ್ದರೆ ಹೆಸರು ಹೇಗೆ ಕೆಟ್ಟಿದ್ದರೂ ಮನುಷ್ಯ ಸಿಗುತ್ತಾನೆ.

ನಂಬರಿಗಾಗಿ ಒಂದು ಕಚೇರಿಗೆ ಹೋದೆ. ಹೊರಗೆ ಬೆಂಚಿನ ಮೇಲೆ ಕಾದದ್ದೇ ಬಂತು. ಸಾಹೇಬರು ಮೀಟಿಂಗಿನಲ್ಲಿ, ಸಾಹೇಬರು ರಜೆಯಲ್ಲಿ. ಕೊನೆಗೆ ಒಳಗೆ ಕರೆದವರು ಕಾಗದವನ್ನು ತಿರುವಿಯೂ ನೋಡದೆ, "ಅಕ್ಕಾರ, ಇಷ್ಟ ಹಳೇದು ಎಲ್ಲಿ ಇರತೈತ್ರಿ, ಬಿಡ್ರಿ" ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಳು ಬರುವ ಹಾಗಾಗಿತ್ತು. ಅಲ್ಲಿದ್ದ ವಯಸ್ಸಾದ ಅಟೆಂಡರ್ ಒಬ್ಬರು ನೀರು ಕೊಟ್ಟು ವಿಚಾರಿಸಿದರು. ಅವರೂ ಮಾಜಿ ಸೈನಿಕರು. "ನಿಮ್ಮ ಆಯಿ ಸರ್ಕಾರದ್ದು ರೊಕ್ಕ ತೊಗೋತಿದ್ರೇನು? ಹಂಗಾರ ಅವರ ಫೈಲಿನಾಗ ಅಜ್ಜಾರ ನಂಬರ್ ಇರಬೇಕಲ್ರಿ" ಅಂದರು.

ಇದು ನಮಗೆ ಹೊಳೆದೇ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ದುಡಿದು ಪೆನ್ಶನ್ ಇಲ್ಲದೆ ಮನೆಗೆ ಬಂದವರಿಗೂ ಅವರ ವಿಧವೆಯರಿಗೂ ರಾಜ್ಯ ಸರ್ಕಾರದಿಂದ ತಿಂಗಳ ಸಹಾಯಧನ ಬರುತ್ತದೆ. ಅದು ಸಿಗುವುದು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ. ಆಯಿ, ಅಂದರೆ ನಮ್ಮ ಅಜ್ಜಿ, ತೀರಿಕೊಳ್ಳುವವರೆಗೂ ಅದನ್ನು ತೆಗೆದುಕೊಂಡಿದ್ದಳು. ಅರ್ಜಿ ಹಾಕಿದಾಗ ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸ್ ಕೊಟ್ಟಿದ್ದಳು, ಗೆದ್ದಲು ಹಿಡಿಯುವುದಕ್ಕಿಂತ ಮೊದಲಿನದು. ಆ ಜೆರಾಕ್ಸಿನಲ್ಲಿ ನಂಬರ್ ಸ್ಪಷ್ಟವಾಗಿತ್ತು! ನಿಮ್ಮ ಅಜ್ಜಿಯೋ ಆಯಿಯೋ ಆ ಹಣ ಪಡೆದಿದ್ದರೆ ಮೊದಲು ಆ ಫೈಲ್ ಕೇಳಿ. ಹಳೇ ಪಾಸ್‌ಬುಕ್, ಐಡಿ ಕಾರ್ಡ್ ಏನಿದ್ದರೂ ತೆಗೆದುಕೊಂಡು ಹೋಗಿ. ಮೊದಲ ಮಹಾಯುದ್ಧದವರಾದರೆ ಮೆಡಲಿನ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ, ನಂಬರ್ ಮತ್ತು ಹೆಸರು ಅಲ್ಲೇ ಅಚ್ಚಾಗಿರುತ್ತದೆ.

ಆಮೇಲೆ ನಾವು ಅಜ್ಜನ ಸಂಬಂಧಿಕರು ಅಂತ ತೋರಿಸುವ ಕಾಗದಗಳು. ಯುದ್ಧಕೈದಿಯ ಮಾಹಿತಿ ಖಾಸಗಿ ವಿಷಯ, ಕೇಳುವವರು ಮನೆಯವರಾಗಿರಬೇಕು. ಅಜ್ಜನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಪ್ಪನ ಆಧಾರ್, ನನ್ನ ಆಧಾರ್, ಅಪ್ಪ ನನಗೆ ಒಪ್ಪಿಗೆ ಕೊಟ್ಟ ಪತ್ರ, ಇಷ್ಟನ್ನು ಜೋಡಿಸಿದೆ. ಮರಣ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಒಂದು ಥರ, ಡಿಸ್ಚಾರ್ಜ್ ಬುಕ್ಕಿನಲ್ಲಿ ಇನ್ನೊಂದು ಥರ. ಎರಡೂ ಒಬ್ಬರದೇ ಅಂತ ಸ್ಟ್ಯಾಂಪ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿದೆವು. ವಂಶವೃಕ್ಷಕ್ಕೆ ಪಂಚನಾಮೆ ಆಗಬೇಕು, ಊರಿನ ಹಿರಿಯರು ಸಹಿ ಮಾಡಬೇಕು. ಸುಗ್ಗಿ ಕಾಲ, ಯಾರೂ ಮನೆಯಲ್ಲಿ ಸಿಗುತ್ತಿರಲಿಲ್ಲ. ಹೀಗೇ ವಾರಗಳು ಕಳೆದವು.

ಇನ್ನು ಅರ್ಜಿಯ ವಿಷಯ. ಹೆಚ್ಚಿನವರು ಸೋಲುವುದು ಇಲ್ಲೇ. ಜಿನೀವಾದವರಿಗೆ ಜಗತ್ತಿನ ಎಲ್ಲ ಕಡೆಯಿಂದ ಅರ್ಜಿ ಬರುತ್ತವೆ. ಅದಕ್ಕೇ ಎರಡನೇ ಮಹಾಯುದ್ಧದ ಕೈದಿಗಳ ಬಗ್ಗೆ ಯಾವಾಗ ಬೇಕಾದರೂ ಕೇಳಲು ಆಗುವುದಿಲ್ಲ. ವರ್ಷದಲ್ಲಿ ಕೆಲವೇ ಸಲ ಆನ್‌ಲೈನ್ ಫಾರಂ ತೆರೆಯುತ್ತಾರೆ. ಇಷ್ಟೇ ಅರ್ಜಿ ಅಂತ ಮಿತಿಯಿದೆ. ಅದು ತುಂಬಿದ ಕೂಡಲೇ ಮುಚ್ಚುತ್ತಾರೆ. ನಾನು ಮೊದಲು ನೋಡಿದಾಗ ಬಾಗಿಲು ಮುಚ್ಚಿತ್ತು. ಮುಂದಿನದು ಯಾವಾಗ ಅಂತ ಅವರ ಜಾಲತಾಣದಲ್ಲಿ ಹಾಕುತ್ತಾರೆ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ. ಅಲ್ಲಿಯ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ತಾಸು, ಚಳಿಗಾಲದಲ್ಲಿ ನಾಲ್ಕೂವರೆ ತಾಸು ಹಿಂದೆ. ಅಲ್ಲಿ ಬೆಳಿಗ್ಗೆ ಕಚೇರಿ ತೆರೆದಾಗ ನಮ್ಮಲ್ಲಿ ಊಟದ ಹೊತ್ತು. ಆ ದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ಲ್ಯಾಪ್‌ಟಾಪ್ ಮುಂದೆ ಕೂತೆ. ಕರೆಂಟ್ ಹೋದೀತು ಅಂತ ಮೊಬೈಲಿನಲ್ಲೂ ತೆರೆದಿಟ್ಟುಕೊಂಡಿದ್ದೆ.

ಫಾರಂನಲ್ಲಿ ಕೇಳುವುದನ್ನೆಲ್ಲ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪೂರ್ತಿ ಹೆಸರು, ಅದನ್ನು ಇಂಗ್ಲಿಷಿನಲ್ಲಿ ಬರೆಯಬಹುದಾದ ಎಲ್ಲ ಬಗೆ, ತಂದೆಯ ಹೆಸರು, ಹುಟ್ಟಿದ ವರ್ಷ, ಆ ಕಾಲದ ಹೆಸರಿನಲ್ಲಿ ಹಳ್ಳಿ ಮತ್ತು ಜಿಲ್ಲೆ, ನಂಬರ್, ಹುದ್ದೆ, ರೆಜಿಮೆಂಟು, ಬೆಟಾಲಿಯನ್, ಸೆರೆಸಿಕ್ಕ ಜಾಗ ಮತ್ತು ದಿನ, ಕ್ಯಾಂಪಿನ ಹೆಸರು ಗೊತ್ತಿದ್ದರೆ ಅದು. ಬೆಳಗಾವಿ ಆಗ ಮುಂಬೈ ಪ್ರಾಂತದಲ್ಲಿತ್ತು, ಅದನ್ನೂ ಸೇರಿಸಿದೆ. ಬ್ರಿಟಿಷ್ ಇಂಡಿಯಾದ ಸೈನ್ಯ ಅಂತ ಸ್ಪಷ್ಟವಾಗಿ ಬರೆಯಿರಿ. ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ ಅಂದಾಜು ವರ್ಷ ಹಾಕಿ, ಅಂದಾಜು ಅಂತಲೇ ತಿಳಿಸಿ. ಆ ಕಾಲದ ನಮ್ಮ ಸಿಪಾಯಿಗಳಲ್ಲಿ ಎಷ್ಟು ಜನಕ್ಕೆ ಹುಟ್ಟಿದ ದಿನ ಗೊತ್ತಿತ್ತು ಹೇಳಿ? ಅರ್ಜಿ ಹೋಯಿತು, ಸ್ವೀಕರಿಸಿದ್ದೇವೆ ಅಂತ ಮೇಲ್ ಬಂತು. ಆಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ.

ಕಾಯುವ ಹೊತ್ತಿನಲ್ಲಿ ನಾನು ಓದಿಕೊಂಡೆ. ಅಜ್ಜ ಅಲ್ಲಿ ಏನು ತಿಂದ ಅನ್ನುವುದು ಅತ್ತಿಯ ದೊಡ್ಡ ಪ್ರಶ್ನೆಯಾಗಿತ್ತು. ಭಾರತೀಯ ಕೈದಿಗಳ ಪಾರ್ಸೆಲ್ ಬೇರೆಯೇ ಇತ್ತಂತೆ. ಲಂಡನ್ನಿನ ಇಂಡಿಯಾ ಹೌಸ್‌ನಲ್ಲಿ ಇಂಡಿಯನ್ ಕಂಫರ್ಟ್ಸ್ ಫಂಡ್ ಅಂತ ಒಂದು ಸಂಸ್ಥೆ ಅದನ್ನು ಕಟ್ಟಿಸುತ್ತಿತ್ತು. ಹಿಟ್ಟು, ಅಕ್ಕಿ, ಬೇಳೆ, ಮಸಾಲೆ ಪುಡಿ, ಚಹಾ, ಸಕ್ಕರೆ, ಡಬ್ಬಿ ಹಾಲು. ಒಂದು ಪೆಟ್ಟಿಗೆ ಸುಮಾರು ಐದು ಕಿಲೋ. ಅದು ಹಡಗಿನಲ್ಲಿ ಲಿಸ್ಬನ್ ಮುಟ್ಟಬೇಕು. ಪೋರ್ಚುಗಲ್ಲೂ ತಟಸ್ಥ ದೇಶವೇ. ಅಲ್ಲಿಂದ ಮೈಮೇಲೆ ದೊಡ್ಡ ಕೆಂಪು ಶಿಲುಬೆ ಬರೆಸಿಕೊಂಡ ಹಡಗುಗಳಲ್ಲಿ ಮಾರ್ಸೇಲ್ಸ್ ಬಂದರಿಗೆ, ಅಲ್ಲಿಂದ ರೈಲಿನಲ್ಲಿ ಜಿನೀವಾಕ್ಕೆ, ಜಿನೀವಾದಿಂದ ಸೀಲು ಹಾಕಿದ ವ್ಯಾಗನ್ನುಗಳಲ್ಲಿ ಕ್ಯಾಂಪುಗಳಿಗೆ. ಕ್ಯಾಂಪಿನಲ್ಲಿ ಕೈದಿಗಳೇ ಆರಿಸಿದ ಪ್ರತಿನಿಧಿ ಎಣಿಸಿಕೊಂಡು ರಸೀದಿಗೆ ಸಹಿ ಹಾಕಬೇಕು, ಆ ರಸೀದಿ ಮತ್ತೆ ಜಿನೀವಾಕ್ಕೆ ಹೋಗಬೇಕು. ಯಾವ ಪೆಟ್ಟಿಗೆಯೂ ಕೈದಿಗಳನ್ನು ಕಾಯುವವರ ಪಾಲಾಗಬಾರದು ಅಂತ ಈ ಲೆಕ್ಕ. ರೊಟ್ಟಿ ಉಂಡು ಬೆಳೆದ ಹುಡುಗನಿಗೆ ಇಟಲಿಯ ಚಳಿಯಲ್ಲಿ ಒಂದು ಹಿಡಿ ಹಿಟ್ಟು, ಚೂರು ಖಾರ ಸಿಕ್ಕಿದ್ದರ ಹಿಂದೆ ಇಷ್ಟು ಜನರ ದುಡಿಮೆ ಇತ್ತು. ಇದನ್ನು ಹೇಳಿದಾಗ ಅತ್ತಿ ಬಹಳ ಹೊತ್ತು ಕೇಳುತ್ತಾ ಕೂತಳು. ಬೇಳೆ ಯಾವ ಬೇಳೆ ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೂ ಬಂದ ಪ್ರಮಾಣಪತ್ರ ಬಹಳ ಚಿಕ್ಕದು. ಕಥೆ ಇರುತ್ತದೆ, ಫೋಟೋ ಇರುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಯಾವ ಪಟ್ಟಿಯಲ್ಲಿ ಹೆಸರಿದೆ, ಆ ಪಟ್ಟಿ ಯಾವ ತಾರೀಖಿನದು, ಯಾವ ಕ್ಯಾಂಪು, ಅಷ್ಟೇ. ಹೆಸರು ಗುರುತು ಸಿಗದಷ್ಟು ಕೆಟ್ಟಿತ್ತು. ನಂಬರ್ ಮಾತ್ರ ಒಂದಂಕಿಯೂ ತಪ್ಪಿರಲಿಲ್ಲ.

ಮೊದಲ ಸಾಲು: ಟೋಬ್ರೂಕ್‌ನಲ್ಲಿ ಸೆರೆ, ಇಟಲಿಯವರ ಕೈಯಲ್ಲಿ. ಎರಡನೆಯದು: ಇಟಲಿಯ ಅವೆಜ್ಜಾನೊ ಊರಿನ 91ನೇ ನಂಬರ್ ಕ್ಯಾಂಪು. ಅದು ಭಾರತೀಯ ಕೈದಿಗಳನ್ನು ಇಟ್ಟಿದ್ದ ದೊಡ್ಡ ಕ್ಯಾಂಪು, ಸುತ್ತ ಬೆಟ್ಟಗಳು. ಈ ಪಟ್ಟಿ ಜಿನೀವಾ ಮುಟ್ಟಿದ್ದು 1942ರ ಶರತ್ಕಾಲದಲ್ಲಿ. ಇದನ್ನು ಓದಿ ಹೇಳಿದಾಗ ಅತ್ತಿ ನನ್ನ ಕೈ ಹಿಡಿದುಕೊಂಡಳು. ಆ ವರ್ಷ ಮಳೆಗಾಲದಲ್ಲಿ ಅಜ್ಜ ಪತ್ತೆಯಿಲ್ಲ ಅಂತ ತಾರು ಬಂದಿತ್ತಂತೆ. ಹಿರಿಯರು ಕರ್ಮದ ಮಾತು ಎತ್ತಿದ್ದರು. ಹೆಣ ನೋಡದೆ ಒಪ್ಪುವುದಿಲ್ಲ ಅಂತ ಆಯಿ ಕೂತುಬಿಟ್ಟಿದ್ದಳು. ಜೀವಂತ ಇದ್ದಾನೆ ಅಂತ ಸುದ್ದಿ ಬಂದದ್ದು ದೀಪಾವಳಿ ಹೊತ್ತಿಗೆ. ಆಯಿ ಸಾಯುವವರೆಗೂ ಈ ಮಾತು ಹೇಳುತ್ತಿದ್ದಳು. ಆ ತಾರೀಖುಗಳು ಈಗ ಕಾಗದದ ಮೇಲೆ ಅದೇ ಲೆಕ್ಕಕ್ಕೆ ಕೂಡುತ್ತಿದ್ದವು.

ಮೂರನೇ ಸಾಲಿನಲ್ಲಿ ಜರ್ಮನಿ. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಮೇಲೆ ಎಷ್ಟೋ ಕೈದಿಗಳು ಬೆಟ್ಟಗಳಿಗೆ ಓಡಿದರು, ಉಳಿದವರನ್ನು ಜರ್ಮನರು ರೈಲಿಗೆ ತುಂಬಿಕೊಂಡು ಹೋದರು. ಅಜ್ಜನನ್ನು ಅನ್ನಾಬುರ್ಗ್ ಕ್ಯಾಂಪಿಗೆ ಒಯ್ದಿದ್ದರು. ಆಮೇಲೆ ಫ್ರಾನ್ಸಿನ ಎಪಿನಾಲ್. ಕೊನೆಯ ಸಾಲು ನಾವು ಕನಸಿನಲ್ಲೂ ಎಣಿಸದ್ದು: 1944ರ ಬೇಸಿಗೆ, ಕ್ಯಾಂಪಿನಿಂದ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡಿಗೆ ಬಂದವನು.

ಎಪಿನಾಲ್‌ನಲ್ಲಿ ಆಗ ಸುಮಾರು ಮೂರು ಸಾವಿರ ಭಾರತೀಯ ಕೈದಿಗಳಿದ್ದರು. 1944ರ ಮೇ 11ರಂದು ಅಮೆರಿಕದ ವಿಮಾನಗಳು ಆ ಊರಿನ ಮೇಲೆ ಬಾಂಬು ಹಾಕಿದವು. ಕ್ಯಾಂಪಿನ ಗೋಡೆ ಒಡೆಯಿತು. ಕೆಲವರು ಸತ್ತರು, ಬಹಳ ಜನ ಹೊರಗೆ ಓಡಿದರು. ಸ್ವಿಸ್ ಗಡಿ ನೂರು ಕಿಲೋಮೀಟರಿನಷ್ಟು ದೂರ. ಭಾಷೆ ಬಾರದು, ಮೈಬಣ್ಣ ಮುಚ್ಚಿಡಲು ಆಗದು. ದಾರಿಯಲ್ಲಿ ಫ್ರೆಂಚ್ ಹಳ್ಳಿಗರು ಬ್ರೆಡ್ಡು ಕೊಟ್ಟರು, ಕೊಟ್ಟಿಗೆಯಲ್ಲಿ ಮಲಗಿಸಿದರು, ದಾರಿ ತೋರಿಸಿದರು. ಹಾಗೆ ಅಡಗಿಸಿಟ್ಟದ್ದು ಗೊತ್ತಾದರೆ ಅವರ ಜೀವಕ್ಕೇ ಅಪಾಯ. ಸುಮಾರು ಐನೂರು ಭಾರತೀಯರು ಗಡಿ ದಾಟಿದರು. ನಮ್ಮ ಅಜ್ಜ ಅವರಲ್ಲೊಬ್ಬ! ಅಪ್ಪ ಕುರ್ಚಿಯಿಂದ ಎದ್ದು, "ಇನ್ನೊಮ್ಮೆ ಓದು" ಅಂದ. ಇಂಥ ಕಾಗದದಿಂದ ಏನು ಪ್ರಯೋಜನ ಅಂದಿದ್ದ ಅಪ್ಪ ಅವತ್ತು ಊರಿಗೆಲ್ಲ ಫೋನು ಮಾಡಿದ.

ಗಡಿ ದಾಟಿದವರನ್ನು ಸ್ವಿಸ್ಸರು ವಾಪಸ್ ಜರ್ಮನರಿಗೆ ಕೊಡುವಂತಿರಲಿಲ್ಲ. 1907ರ ಹೇಗ್ ಒಪ್ಪಂದದ ಪ್ರಕಾರ, ತಪ್ಪಿಸಿಕೊಂಡು ಬಂದ ಯುದ್ಧಕೈದಿಯನ್ನು ತಟಸ್ಥ ದೇಶ ಬಿಡುಗಡೆಯಾಗಿಯೇ ಇಡಬೇಕು. ಬೇಕಾದರೆ ಇಂಥ ಊರಲ್ಲೇ ಇರು ಅಂತ ಹೇಳಬಹುದು, ಸೆರೆ ಹಾಕುವ ಹಾಗಿಲ್ಲ. ಎರಡು ವರ್ಷದ ಮೇಲೆ ಅಜ್ಜ ಮೊದಲ ಸಲ ಕೈದಿಯಲ್ಲದೆ ಮಲಗಿದ್ದು ಆ ನೆಲದಲ್ಲಿ. ಈಗ ನಾನು ಬರ್ನ್‌ನಲ್ಲಿರುವ ಸ್ವಿಸ್ ಫೆಡರಲ್ ಆರ್ಕೈವ್ಸ್‌ಗೆ ಬರೆದಿದ್ದೇನೆ. ಯುದ್ಧಕಾಲದಲ್ಲಿ ಆ ದೇಶಕ್ಕೆ ಬಂದ ಸೈನಿಕರ ಕಡತಗಳು ಅಲ್ಲಿವೆ. ಕ್ಯಾಟಲಾಗನ್ನು ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಿಮ್ಮ ಪ್ರಮಾಣಪತ್ರದಲ್ಲೂ ಸ್ವಿಟ್ಜರ್ಲೆಂಡ್ ಅಂತ ಬಂದರೆ ಜಿನೀವಾದಲ್ಲೇ ನಿಲ್ಲಬೇಡಿ.

ಬೇರೆ ಯುದ್ಧ, ಬೇರೆ ರಣರಂಗದವರಿಗೆ ದಾರಿ ಸ್ವಲ್ಪ ಬೇರೆ. ಮೊದಲ ಮಹಾಯುದ್ಧದವರಾದರೆ ಕಾಯುವುದೇ ಬೇಡ. ಆ ಕಾಲದ ಲಕ್ಷಾಂತರ ಕಾರ್ಡುಗಳನ್ನು ರೆಡ್ ಕ್ರಾಸ್‌ನವರು ಜಾಲತಾಣದಲ್ಲಿ ಹಾಕಿದ್ದಾರೆ, ಯಾರಿಗಾದರೂ ಉಚಿತ. ಕಾರ್ಡಿನ ಮೇಲೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ಅಲ್ಲೇ ಮತ್ತೆ ಹುಡುಕಿದರೆ ಹೆಸರಿರುವ ಮೂಲ ಪಟ್ಟಿಯ ಪುಟ ಸಿಗುತ್ತದೆ. ಕಾರ್ಡು ಸಿಕ್ಕಿತು ಅಂತ ಅಲ್ಲಿಗೇ ಬಿಟ್ಟವರು ಬಹಳ ಇರಬೇಕು.

ಮೈಸೂರು ಇನ್‌ಫಂಟ್ರಿಯವರ ಮನೆಯವರಿಗೆ ಒಂದು ಮಾತು. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿದ್ದಾಗ ಆ ಪಡೆಯೂ ಅಲ್ಲಿತ್ತು. ಜಪಾನ್ 1929ರ ಒಪ್ಪಂದವನ್ನು ಅಂಗೀಕರಿಸಿರಲಿಲ್ಲ, ಕೈದಿಗಳ ಪಟ್ಟಿ ಕಳಿಸುವುದರಲ್ಲಿ ಬಹಳ ಹಿಂದೆ ಬಿದ್ದಿತ್ತು. ಹಾಗಾಗಿ ಜಿನೀವಾದಲ್ಲಿ ಏನೂ ಸಿಗದೇ ಹೋಗಬಹುದು. ಅದರರ್ಥ ನಿಮ್ಮ ಅಜ್ಜ ಅಲ್ಲಿ ಇರಲಿಲ್ಲ ಅಂತಲ್ಲ. ವಾಪಸ್ ಬರದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ನೋಡಿ, ಅದೂ ಉಚಿತ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಜಿನೀವಾದವರು ನಮ್ಮಿಂದ ಹಣ ಕೇಳಲಿಲ್ಲ. ಸ್ಟ್ಯಾಂಪ್ ಪೇಪರ್, ನೋಟರಿ, ಜೆರಾಕ್ಸ್, ಬಸ್ ಚಾರ್ಜ್, ಇಷ್ಟೇ. ಎಲ್ಲ ಸೇರಿ ಎರಡು ಸಾವಿರ ರೂಪಾಯಿ ದಾಟಲಿಲ್ಲ. ನಡುವೆ ಒಬ್ಬರು ಹತ್ತು ಸಾವಿರ ಕೊಟ್ಟರೆ ವಿದೇಶದ ದಾಖಲೆ ತರಿಸಿಕೊಡುತ್ತೇನೆ ಅಂತ ಫೋನ್ ಮಾಡಿದ್ದರು. ಅಂಥವರಿಗೆ ಕೊಡಬೇಡಿ. ಅವರು ತುಂಬುವುದೂ ಇದೇ ಫಾರಂ. ಹಳೇ ಕಾಗದಗಳನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಬಿಸಿಗೆ ಶಾಯಿ ಹಾಳಾಗುತ್ತದೆ. ಈ ಮಳೆಗಾಲಕ್ಕೆ ಮೊದಲೇ ಫೋಟೋ ತೆಗೆದು ಇಬ್ಬರು ಮೂವರ ಮೊಬೈಲಿಗೆ ಕಳಿಸಿಡಿ.

ಅಪ್ಪ ಮಾಡಿದ ಫೋನುಗಳ ಫಲವಾಗಿ ಪಕ್ಕದ ಊರಿನ ಒಬ್ಬ ಹಿರಿಯರು ನಿನ್ನೆ ಮನೆಗೆ ಬಂದಿದ್ದರು. ಅವರ ತಂದೆಯೂ ಟೋಬ್ರೂಕ್‌ನಲ್ಲಿ ಸಿಕ್ಕವರಂತೆ. ಕೈಯಲ್ಲಿ ಡಿಸ್ಚಾರ್ಜ್ ಬುಕ್ ಇತ್ತು, ನಂಬರಿನ ಕೊನೆಯ ಎರಡು ಅಂಕಿ ಅಳಿಸಿಹೋಗಿವೆ. ಅವರ ತಾಯಿಗೂ ಸಹಾಯಧನ ಬರುತ್ತಿತ್ತು. ಸೋಮವಾರ ಅವರನ್ನು ಕರೆದುಕೊಂಡು ಬೆಳಗಾವಿಗೆ ಹೋಗಿ ಆ ಫೈಲ್ ಕೇಳುತ್ತೇವೆ. ಫಾರಂ ಮತ್ತೆ ತೆರೆಯುವುದರೊಳಗೆ ನಂಬರ್ ಸಿಗಬೇಕು.